ಮೂರು ಚುಕ್ಕಿ ಮನೆಯ ಕರೆ

ಮೊಬೈಲು ಬಂದು ಹದಿನೆಂಟು ದಿನವಾಗಿತ್ತು. ಹದಿನೆಂಟು ದಿನವೂ ಅದು ಇಸ್ತ್ರಿ ಗಾಡಿಯ ಕೆಳಗಿನ ತಗಡಿನ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಎರಡು ರಬ್ಬರ್ ಬ್ಯಾಂಡು ಬಿಗಿಸಿಕೊಂಡು ಮಲಗಿತ್ತು. ಅದೂ ಆಫ್ ಆಗಿ.

2006ರ ಬೇಸಿಗೆ ಅದು. ಜೆ.ಪಿ. ನಗರದಿಂದ ಪುಟ್ಟೇನಹಳ್ಳಿ ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಖಾಲಿ ಸೈಟು, ಸೈಟಿನ ಮುಂದೆ ಒಂದು ಹೊಂಗೆ ಮರ, ಮರದಡಿ ಪಾಪಯ್ಯ ಮತ್ತು ಅವನ ಹೆಂಡತಿ ಕೆಂಪಕ್ಕನ ಇಸ್ತ್ರಿ ಗಾಡಿ. ಸುತ್ತಲ ನಲವತ್ತು ಮನೆಗಳ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುತ್ತಾ ಇಪ್ಪತ್ತೆರಡು ವರ್ಷ ಕಳೆದಿದ್ದರು. ಈಗ ಆ ಸೈಟಿನಲ್ಲಿ ಅಪಾರ್ಟ್‌ಮೆಂಟು ಏಳುವುದಿತ್ತು. ಒಂದನೇ ತಾರೀಖಿಗೆ ಮರ ಕಡಿಯುತ್ತೇವೆ, ಗಾಡಿ ತೆಗೆದುಬಿಡಿ ಎಂದು ಸೈಟಿನವರು ಹೇಳಿ ಹೋಗಿದ್ದರು. ಹೊಸ ಜಾಗ ಸಿಕ್ಕಿದ್ದು ಪಾರ್ಕಿನ ಹಿಂದೆ, ನಾಲ್ಕು ಕ್ರಾಸು ಆಚೆ. ಅಲ್ಲಿಗೆ ಯಾರು ಹುಡುಕಿಕೊಂಡು ಬರುತ್ತಾರೆ? ಮೂಲೆಯಲ್ಲಿ ಬೇರೆ ಗಾಜಿನ ಬಾಗಿಲಿನ ಹೊಸ ಲಾಂಡ್ರಿ ತೆರೆದಿದ್ದರು. ಫೋನ್ ಮಾಡಿದರೆ ಸಾಕು, ಮನೆ ಬಾಗಿಲಿಗೇ ಬಂದು ಬಟ್ಟೆ ಒಯ್ಯುತ್ತಿದ್ದರು.

ಅದಕ್ಕೇ ಉತ್ತರಹಳ್ಳಿಯಲ್ಲಿ ಆಟೋ ಓಡಿಸುವ ಅಳಿಯ ನರೇಂದ್ರ ತನ್ನ ಹಳೇ ಮೊಬೈಲು ತಂದುಕೊಟ್ಟಿದ್ದ. "ಅತ್ತೆ, ಈ ನಂಬರ್ ಎಲ್ಲಾ ಮನೆಗೂ ಕೊಡಿ. ಗಾಡಿ ಎಲ್ಲಿಗ್ ಹೋದ್ರೂ ನಂಬರ್ ಮಾತ್ರ ಇದ್ದಲ್ಲೇ ಇರುತ್ತೆ. ಹಸಿರು ಒತ್ತಿದ್ರೆ ಮಾತು, ಕೆಂಪು ಒತ್ತಿದ್ರೆ ಬಂದ್." ಇಷ್ಟು ಹೇಳಿ, ಚೀಟಿಗಳಲ್ಲಿ ನಂಬರ್ ಬರೆದುಕೊಟ್ಟು, ಸವಾರಿ ಬಂತೆಂದು ಹೊರಟುಬಿಟ್ಟ.

ಪಾಪಯ್ಯ ಚೀಟಿಗಳನ್ನು ಹಂಚಿ ಬಂದ. ಆಮೇಲೆ ಮೊಬೈಲನ್ನು ಆಫ್ ಮಾಡಿ ಡಬ್ಬಿಗೆ ಹಾಕಿದ.

"ಆಫ್ ಯಾಕಯ್ಯ ಮಾಡ್ದೆ?" ಕೆಂಪಕ್ಕ ಕೇಳಿದಳು.

"ಬಟ್ಟೆ ಇಲ್ದಾಗ ಇದ್ದಿಲು ಉರಿಸ್ತೀವೇನಮ್ಮಿ? ಮಾತಿಲ್ದಾಗ ಚಾರ್ಜು ಯಾಕೆ ಉರೀಬೇಕು? ಸಂಜೆ ಆನ್ ಮಾಡೋಣ. ಬೇಕಾದೋರು ಸಂಜೆ ಮಾಡ್ತಾರೆ." ಆ ಸಂಜೆ ಬರಲೇ ಇಲ್ಲ.

ಕೆಂಪಕ್ಕನಿಗೆ ಆ ಪುಟ್ಟ ಯಂತ್ರದ ಮೇಲೆ ಬಲು ಕುತೂಹಲ. ಹಸಿರು, ಕೆಂಪು ಬಿಟ್ಟರೆ ಉಳಿದ ಗುಂಡಿಗಳು ಏನು ಮಾಡುತ್ತವೆ? ಅಂಕಿ ಅವಳಿಗೆ ಗೊತ್ತಿತ್ತು. ಆದರೆ ಕೆಳಗಿನ ಮೂಲೆಯಲ್ಲಿ ಒಂದು ನಕ್ಷತ್ರ, ಇನ್ನೊಂದು ಮೂಲೆಯಲ್ಲಿ ಕಿಟಕಿ ಸರಳಿನಂಥದ್ದು, ಅವು ಯಾಕಿವೆ? ಬೆರಳು ಚಾಚಿದರೆ ಪಾಪಯ್ಯ ಗದರುತ್ತಿದ್ದ. "ಮುಟ್ಬೇಡ. ಏನಾದ್ರೂ ಒತ್ತಿ ಹಾಳ್ ಮಾಡ್ತೀಯ. ಅದೆಲ್ಲಾ ಇಂಗ್ಲೀಷು. ಓದಿದೋರ ಸಾಮಾನು."

ಹತ್ತೊಂಬತ್ತನೇ ದಿನ, ಸೋಮವಾರ ಬೆಳಿಗ್ಗೆ ಜಯದೇವಮ್ಮ ಬಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಹದಿನೈದು ವರ್ಷದ ಗಿರಾಕಿ. ಮುಖ ಕೆಂಡವಾಗಿತ್ತು.

"ಎಲ್ಲಿ ನನ್ ರೇಷ್ಮೆ ಸೀರೆ?"

"ರೆಡಿ ಇದೆ ಮೇಡಂ. ಭಾನುವಾರಕ್ಕೆ ಬೇಕು ಅಂದಿದ್ರಿ, ನೀವೇ ಬರಲಿಲ್ಲ."

"ಭಾನುವಾರ ಹೊರಡೋದು ಶನಿವಾರಕ್ಕೇ ಆಯ್ತು. ಆರು ಸಲ ಫೋನ್ ಮಾಡ್ದೆ ಕೆಂಪಕ್ಕ. ಆರು ಸಲಾನೂ ಸ್ವಿಚ್ ಆಫ್, ಸ್ವಿಚ್ ಆಫ್. ಇಲ್ಲಿಗೆ ಓಡಿ ಬಂದ್ರೆ ಗಾಡಿಗೆ ಟಾರ್ಪಾಲು ಮುಚ್ಚಿತ್ತು. ತಂಗಿ ಮನೆ ಗೃಹಪ್ರವೇಶಕ್ಕೆ ಹಳೇ ಸೀರೇಲಿ ಹೋಗಿ ನಿಂತ್ಕೊಂಡೆ. ಎತ್ತೋಕೆ ಬರಲ್ಲ ಅಂದ್ರೆ ನಿಮಗೆಲ್ಲ ಯಾಕಮ್ಮ ಮೊಬೈಲು?"

ಸೀರೆ ತೆಗೆದುಕೊಂಡು ಹೊರಟರು. ಅವರ ಇನ್ನೊಂದು ಕೈಯಲ್ಲಿ ಗಾಜಿನ ಬಾಗಿಲಿನ ಲಾಂಡ್ರಿಯ ಚೀಲವಿತ್ತು.

ಆ ಚೀಲ ಕೆಂಪಕ್ಕನ ಕಣ್ಣಿಗೆ ಚುಚ್ಚಿತು. 'ನಿಮಗೆಲ್ಲ' ಎಂಬ ಮಾತು ಅದಕ್ಕಿಂತ ಆಳಕ್ಕೆ ಇಳಿಯಿತು. ಒಂದನೇ ತಾರೀಖಿಗೆ ಇನ್ನು ಆರು ದಿನ. ಇವತ್ತು ಒಂದು ಮನೆ ಹೋಯಿತು. ಮರ ಬಿದ್ದ ಮೇಲೆ ಉಳಿದ ಮೂವತ್ತೊಂಬತ್ತು?

ಅವಳು ಡಬ್ಬಿ ಎಳೆದು, ರಬ್ಬರ್ ಬ್ಯಾಂಡು ಕಿತ್ತು, ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಲ್ಲಿಗೆ?" ಎಂದ ಪಾಪಯ್ಯ.

"ಕಲಿಯಕ್ಕೆ."

"ಹಾಳಾದ್ರೆ?"

"ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ರೆ ಕೈ ಸುಡುತ್ತೆ. ಅದನ್ನೇ ಇಪ್ಪತ್ತೆರಡು ವರ್ಷ ಹಿಡ್ದಿದೀನಿ. ಇದು ಸುಡಲ್ವಲ್ಲ!"

ಕೆಂಪಕ್ಕನ ಬೀದಿಯಲ್ಲೇ ಸಂಘಮಿತ್ರಾ ಎಂಬ ಹುಡುಗಿ ಇದ್ದಳು. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿ, ಬಸ್ ಸ್ಟಾಪಿನ ಹತ್ತಿರ ರೀಚಾರ್ಜ್ ಅಂಗಡಿಯಲ್ಲಿ ಕೂರುತ್ತಿದ್ದಳು. ಕೆಂಪಕ್ಕ ನಡೆದದ್ದನ್ನೆಲ್ಲ ಹೇಳಿದಾಗ ಅವಳು ನಗಲಿಲ್ಲ.

"ಅಕ್ಕ, ಇದು ಇಸ್ತ್ರಿ ಪೆಟ್ಟಿಗೆ ಥರ ಅಲ್ಲ, ನಿಮ್ ಗಾಡಿ ಥರ. ಬಟ್ಟೆ ಇಲ್ಲಾಂತ ಗಾಡಿ ಬಿಟ್ಟು ಎದ್ದು ಹೋಗ್ತೀರಾ?"

"ಹೋದ್ರೆ ಬಂದೋರು ವಾಪಸ್ ಹೋಗ್ತಾರಲ್ಲ ಮಗಾ. ಕೂತೇ ಇರ್ತೀವಿ."

"ಹಂಗೇ ಇದೂ ಕೂತಿರ್ಬೇಕು, ಯಾವಾಗ್ಲೂ ಆನ್ ಆಗಿ," ಎನ್ನುತ್ತಾ ಅವಳು ಮೊಬೈಲನ್ನು ಆನ್ ಮಾಡಿದಳು. "ಸುಮ್ನೆ ಕೂತಿದ್ರೆ ಚಾರ್ಜು ಜಾಸ್ತಿ ತಿನ್ನಲ್ಲ. ಎರಡು ಮೂರು ದಿನಕ್ಕೊಂದ್ಸಲ ಚಾರ್ಜಿಗೆ ಹಾಕಿದ್ರೆ ಸಾಕು. ಇಲ್ನೋಡಿ, ಮೂಲೇಲಿ ಮೆಟ್ಟಿಲು ಥರ ಗೆರೆ ಇದೆಯಲ್ಲ, ಅದು ಚಾರ್ಜು. ಒಂದೇ ಮೆಟ್ಟಿಲು ಉಳೀತು ಅಂದ್ರೆ ಹಾಕ್ಬಿಡಿ."

"ಆ ಕಡೆ ಮೂಲೇಲೂ ಮೆಟ್ಟಿಲಿದೆ?"

"ಅದು ಸಿಗ್ನಲ್ಲು. ಅದು ಇಳಿದ್ರೆ ನೀವು ಸ್ವಲ್ಪ ಬಯಲಿಗೆ ಬರ್ಬೇಕು."

ಕೆಂಪಕ್ಕ ಎರಡು ಮೂಲೆಗಳನ್ನೂ ಹೊಸ ಬಟ್ಟೆಯ ಅಂಚು ನೋಡುವಂತೆ ನೋಡಿದಳು. ಇಷ್ಟು ದಿನ ಅದು ಕಣ್ಣೆದುರೇ ಇತ್ತು, ತನಗೆ ಯಾರೂ ಹೇಳಿರಲಿಲ್ಲ!

ಸಂಘಮಿತ್ರಾ ಅಂಗಡಿಯ ಫೋನಿನಿಂದ ಕರೆ ಮಾಡಿದಳು. ಕೆಂಪಕ್ಕನ ಕೈಯಲ್ಲಿ ಮೊಬೈಲು ಕುಣಿಯಿತು. "ಎತ್ಬೇಡಿ, ಬಿಡಿ." ರಿಂಗು ನಿಂತಿತು. "ಈಗ ಹಸಿರು ಗುಂಡಿ ಒಂದ್ಸಲ ಒತ್ತಿದ್ರೆ ನೀವು ಮಾಡಿದ್ ನಂಬರ್‌ಗಳು ಬರ್ತವೆ. ನಿಮಗೆ ಬಂದು ತಪ್ಪಿ ಹೋಗಿದ್ದು ಬೇಕು ಅಂದ್ರೆ ಮೆನು ಒಳಗೆ ಹೋಗಿ. ಇಗೋ, ಬಾಣದ ಗುರುತು. ಇದೇ ಮಿಸ್ಡ್ ಕಾಲು. ನೀವು ಬಟ್ಟೆ ಒಗೆಯೋವಾಗ ಯಾರಾದ್ರೂ ಮಾಡಿದ್ರೆ, ಕೈ ಒರೆಸ್ಕೊಂಡು ಬಂದು ಇಲ್ಲಿ ನೋಡಿ, ವಾಪಸ್ ಮಾಡಿ."

"ನೋಡ್ದೆ. ಹತ್ತು ಅಂಕಿ ಇದೆ. ಇದು ಯಾರ್ ಮನೆ ಅಂತ ಹೆಂಗ್ ತಿಳ್ಕೊಳ್ಳಿ?"

"ಹೆಸರು ಹಾಕಿ ಇಟ್ಕೋಬೇಕು ಅಕ್ಕ. ಆದ್ರೆ ಈ ಫೋನಲ್ಲಿ ಕನ್ನಡ ಇಲ್ಲ, ಇಂಗ್ಲೀಷಲ್ಲೇ ಬರೀಬೇಕು."

ಕೆಂಪಕ್ಕನ ಮುಖ ಸಪ್ಪಗಾಯಿತು. ಅವಳಿಗೆ ಕನ್ನಡದ ಅಕ್ಷರವೂ ಪೂರಾ ಬರುತ್ತಿರಲಿಲ್ಲ. ಪಾಪಯ್ಯ ಹೇಳಿದ್ದೇ ನಿಜವೇನೋ, ಓದಿದೋರ ಸಾಮಾನು.

ರೀಚಾರ್ಜಿಗೆ ಬಂದು ನಿಂತಿದ್ದ ಒಬ್ಬ ಗಿರಾಕಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಕಿಸಕ್ಕನೆ ನಕ್ಕ. "ಏನಮ್ಮಾ, ಆಂಟಿಗೆ ಎಬಿಸಿಡಿ ಇಂದ ಶುರು ಮಾಡ್ತೀಯಾ? ನಮ್ದು ಬೇಗ ಮಾಡ್ಕೊಡು."

ಸಂಘಮಿತ್ರಾ ತಿರುಗಿ ನೋಡಿದಳು. "ಸಾರ್, ನಿಮ್ ಶರ್ಟ್ ಕಾಲರ್ ಒಳಗಡೆ ಕಪ್ಪಗೆ ಒಂದು ಗುರುತಿದೆ. ಇಷ್ಟು ವರ್ಷ ಹಾಕ್ಕೊಂಡ್ರಲ್ಲ, ಏನು ಅಂತ ಓದಿ ಹೇಳ್ತೀರಾ?"

ಆತ ಕಾಲರನ್ನು ಹೊರಕ್ಕೆ ಮಡಚಿ, ಕತ್ತು ತಿರುಗಿಸಿ ನೋಡಲು ಹೆಣಗಿದ.

ಕೆಂಪಕ್ಕ ಹತ್ತಿರ ಹೋಗದೆಯೇ ಹೇಳಿದಳು. "ಒಂದು ಕೂಡಿಸೋ ಗುರುತು, ಪಕ್ಕದಲ್ಲಿ ಒಂದು ಚುಕ್ಕಿ. ಕುಮಾರಸ್ವಾಮಿ ಲೇಔಟಿನ ಮುನಿರಾಜು ಒಗೆದಿರೋದು ಅದು. ಅವರು ಚುಕ್ಕಿನ ಬಲಗಡೆ ಹಾಕ್ತಾರೆ. ನಾವು ಮೇಲೆ ಹಾಕ್ತೀವಿ."

ಹೇಳಿದವಳೇ ತಟಕ್ಕನೆ ಕೈಯಲ್ಲಿದ್ದ ಮೊಬೈಲಿನ ಕಡೆ ತಿರುಗಿದಳು. ನಲವತ್ತು ಮನೆಗೂ ಅವಳ ಹತ್ತಿರ ಗುರುತಿತ್ತು. ಒಗೆದರೂ ಹೋಗದ ಮಸಿಯಲ್ಲಿ ಅವಳೇ ಹಾಕಿದ್ದು. ಜಯದೇವಮ್ಮನ ಮನೆಗೆ ಮೂರು ಚುಕ್ಕಿ. ನಿವೃತ್ತ ಮೇಷ್ಟ್ರು ನೀಲಕಂಠಪ್ಪನವರ ಮನೆಗೆ ಕೊಕ್ಕೆ. ಒಂದೂ ತಪ್ಪದೆ, ಒಂದು ಬಟ್ಟೆಯೂ ಅದಲುಬದಲಾಗದೆ ಇಪ್ಪತ್ತೆರಡು ವರ್ಷ ಅವಳು ಅದನ್ನು ಓದುತ್ತಲೇ ಇದ್ದಳು.

"ಮಗಾ," ಎಂದಳು ಮೆಲ್ಲಗೆ, "ಈ ಯಂತ್ರದೊಳಗೆ ಚುಕ್ಕಿ ಇದೆಯಾ?"

ಸಂಘಮಿತ್ರಾ ಅವಳನ್ನೇ ನೋಡಿದಳು. ಆಮೇಲೆ ಸ್ಟೂಲಿನಿಂದ ಎದ್ದುಬಿಟ್ಟಳು. "ಇದೆ ಅಕ್ಕ! ಒಂದನೇ ನಂಬರ್ ಗುಂಡೀಲಿ ಇದೆ. ನಕ್ಷತ್ರ ಒತ್ತಿದ್ರೆ ಇನ್ನೂ ರಾಶಿ ಗುರುತು ಇದಾವೆ. ಸಖತ್ ಅಕ್ಕ, ಇದು ನಂಗೇ ಹೊಳೀಲಿಲ್ಲ ನೋಡಿ!"

ಕೆಂಪಕ್ಕ ಒಂದನ್ನು ಒತ್ತಿದಳು. ಚುಕ್ಕಿ ಬಂತು. ಇನ್ನೊಂದು ಚುಕ್ಕಿಗಾಗಿ ಪಟಪಟನೆ ಒತ್ತಿದಳು. ಚುಕ್ಕಿಗೆ ಬಾಲ ಬಂತು, ಆಮೇಲೆ ಬಾಲ ಹೋಗಿ ಕೊಕ್ಕೆ ಬಂತು. "ಅಯ್ಯೋ, ನೀಲಕಂಠಪ್ಪೋರು ಬಂದ್ಬಿಟ್ರು!"

"ಆತುರ ಮಾಡ್ಬೇಡಿ. ಒಂದ್ಸಲ ಒತ್ತಿ, ಉಸಿರು ಬಿಡಿ, ಪಕ್ಕದಲ್ಲಿ ಗೆರೆ ಮಿನುಗುತ್ತೆ. ಆಮೇಲೆ ಮತ್ತೆ ಒತ್ತಿ."

ಒತ್ತಿದಳು. ಉಸಿರು ಬಿಟ್ಟಳು. ಒತ್ತಿದಳು. ಗಾಜಿನ ಮೇಲೆ ಮೂರು ಚುಕ್ಕಿ ಸಾಲಾಗಿ ಕೂತವು. ಅವಳು ಕಾಲರ್ ಮಡಿಸಿ ಹಾಕುವ ಚುಕ್ಕಿಗಳೇ. ಆ ಹೆಲ್ಮೆಟ್ಟಿನವನೂ ಬಗ್ಗಿ ನೋಡುತ್ತಿದ್ದ.

ಹೊರಡುವ ಮುಂಚೆ ಸಂಘಮಿತ್ರಾ ಇನ್ನೊಂದು ಕಲಿಸಿದಳು. "ಸೊಂಟದಲ್ಲಿಟ್ಕೊಂಡ್ರೆ ತಾನೇ ಒತ್ಕೊಂಡು ಯಾರಿಗೋ ಕರೆ ಹೋಗುತ್ತೆ. ಅದಕ್ಕೇ ಈ ಎಡಗಡೆ ಗುಂಡಿ ಒತ್ತಿ, ತಕ್ಷಣ ನಕ್ಷತ್ರ ಒತ್ತಿ. ಬೀಗ ಬಿತ್ತು. ಮತ್ತೆ ಹಂಗೇ ಒತ್ತಿದ್ರೆ ಬೀಗ ತೆಗೆಯುತ್ತೆ. ಕರೆ ಬಂದಾಗ ಬೀಗ ತೆಗಿಯೋದೇ ಬೇಡ, ಹಸಿರು ಒತ್ತಿ ಮಾತಾಡಿ."

"ನಿಂಗೆ ಇಷ್ಟೆಲ್ಲಾ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಒತ್ತಿ ಒತ್ತಿ ಕಲ್ತೆ. ಮುಟ್ಬೇಡ ಅನ್ನೋರು ಸುತ್ತಾ ಇದ್ರು, ನಾನೇ ಕೇಳಲಿಲ್ಲ."

ಐದು ದಿನ ಕೆಂಪಕ್ಕ ಮನೆ ಮನೆಗೆ ಹೋದಳು. "ಮೇಡಂ, ನಮ್ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ." ಕೊಟ್ಟರು. ಅಲ್ಲೇ ಗೇಟಿನ ಹತ್ತಿರ ನಿಂತು, ಆ ನಂಬರಿಗೆ ಆ ಮನೆಯ ಗುರುತು ಹಾಕಿ ಸೇವ್ ಮಾಡಿದಳು. ಜಯದೇವಮ್ಮನ ಬಾಗಿಲಿಗೆ ಹೋಗಲು ಮನಸ್ಸು ಹಿಂಜರಿಯಿತು. ಆದರೂ ಹೋದಳು. "ಅವತ್ತು ತಪ್ಪಾಯ್ತು ಮೇಡಂ. ಈಗ ಯಾವಾಗ್ಲೂ ಆನ್ ಇರುತ್ತೆ." ಅವರು ಮಿಸ್ಡ್ ಕಾಲ್ ಮಾತ್ರ ಕೊಟ್ಟು ಬಾಗಿಲು ಹಾಕಿಕೊಂಡರು.

ಸಂಜೆಹೊತ್ತು ಗಾಡಿಯ ಹತ್ತಿರ ಕೂತು ಅವಳು ಒಂದೊಂದೇ ಗುರುತು ನೋಡುತ್ತಿದ್ದರೆ ಪಾಪಯ್ಯ ದೂರದಿಂದಲೇ ಕತ್ತು ಉದ್ದ ಮಾಡುತ್ತಿದ್ದ. "ಅದು ಎರಡು ಅಡ್ಡಗೆರೆ ತಾನೆ? ಡಾಕ್ಟ್ರ ಮನೆ?"

"ಹತ್ರ ಬಂದು ನೋಡು, ಕಚ್ಚಲ್ಲ."

"ನಂಗ್ಯಾಕೆ ಬಿಡು," ಎಂದು ಇದ್ದಿಲು ಕೆದಕುತ್ತಿದ್ದ.

ಒಂದನೇ ತಾರೀಖು ಮರ ಬಿತ್ತು. ಗಂಡ ಹೆಂಡತಿ ಇಬ್ಬರೂ ಗಾಡಿ ತಳ್ಳಿಕೊಂಡು ಪಾರ್ಕಿನ ಹಿಂದಕ್ಕೆ ಬಂದರು. ಎಂಟು ಗಂಟೆಯಾಯಿತು. ಒಂಬತ್ತಾಯಿತು. ಇದ್ದಿಲು ಕೆಂಪಾಗಿ, ಮತ್ತೆ ಬೂದಿ ಹಿಡಿಯಿತು. ಒಂದು ಗಂಟು ಬಟ್ಟೆಯೂ ಬರಲಿಲ್ಲ. ಮೊಬೈಲು ಗಾಡಿಯ ಮೇಲೆ, ಕಂಬಳಿಯ ಮೂಲೆಯಲ್ಲಿ ತೆಪ್ಪಗಿತ್ತು.

"ನಲವತ್ತು ಮನೆ ಆ ಮೊಬೈಲೊಳಗಿದೆ ಅಂದಿದ್ದೆ ನೀನು," ಎಂದ ಪಾಪಯ್ಯ. "ಒಬ್ಬರೂ ಈಚೆಗೆ ಬರ್ತಿಲ್ವಲ್ಲ?"

ಕೆಂಪಕ್ಕ ಬಿಂದಿಗೆ ಎತ್ತಿಕೊಂಡು ರಸ್ತೆಯಾಚೆ ನಲ್ಲಿಗೆ ಹೋದಳು. ಬಿಂದಿಗೆ ಅರ್ಧ ತುಂಬಿತ್ತು, ಅಷ್ಟರಲ್ಲಿ ರಿಂಗು ಕೇಳಿಸಿತು. ತಿರುಗಿದಳು. ಮಧ್ಯೆ ನೀರಿನ ಟ್ಯಾಂಕರ್ ಅಡ್ಡ ಬಂದು ನಿಂತಿತು. ಅವಳು ಹೋಗುವಷ್ಟರಲ್ಲಿ ರಿಂಗು ನಿಂತುಹೋಗುತ್ತದೆ. ಪಾಪಯ್ಯ ಮುಟ್ಟುವವನಲ್ಲ. "ಎತ್ತಯ್ಯಾ! ಹಸಿರು! ಹಸಿರು ಒತ್ತು!" ಎಂದು ಕೂಗಿದಳು. ಟ್ಯಾಂಕರಿನ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಟ್ಯಾಂಕರ್ ಮುಂದೆ ಸರಿಯಿತು. ಪಾಪಯ್ಯ ಎರಡೂ ಕೈಯಲ್ಲಿ ಮೊಬೈಲು ಹಿಡಿದು, ಗಾಜನ್ನು ಮೂಗಿನ ಹತ್ತಿರ ತಂದು ನೋಡುತ್ತಿದ್ದ. ಅವನ ತುಟಿ ಅಲ್ಲಾಡಿತು, ಚುಕ್ಕಿ ಎಣಿಸುವವನಂತೆ. ಆಮೇಲೆ ಹೆಬ್ಬೆರಳು ಹಸಿರಿನ ಮೇಲೆ ಬಿತ್ತು.

"ಹೇಳಿ ಜಯದೇವಮ್ಮ," ಎಂದ ದೊಡ್ಡ ದನಿಯಲ್ಲಿ.

ಕೆಂಪಕ್ಕ ಬಿಂದಿಗೆ ಬಿಟ್ಟು ಓಡಿ ಬಂದು ಕಿವಿ ಹಚ್ಚಿದಳು. ಆ ಕಡೆಯಿಂದ ಅಚ್ಚರಿಯ ದನಿ. "ನಾನು ಮಾತೇ ಆಡಿಲ್ಲ, ನಾನೇ ಅಂತ ಹೇಗ್ ಗೊತ್ತಾಯ್ತು ಪಾಪಯ್ಯ?"

"ನಿಮ್ ಗುರುತು ನಂಗೊತ್ತಿಲ್ವಾ ಮೇಡಂ? ಮೂರು ಚುಕ್ಕಿ!"

"ಅದೇನೋಪ್ಪ. ಮರದ ಹತ್ರ ಬಂದು ನಿಂತಿದೀನಿ, ಇಲ್ಲಿ ಮರಾನೇ ಇಲ್ಲ. ಆರು ಕಾಟನ್ ಸೀರೆ ಇದೆ. ನಿಮ್ಮಷ್ಟು ಚೆನ್ನಾಗಿ ಗಂಜಿ ಯಾರೂ ಹಾಕಲ್ಲ ಕಣ್ರೀ. ಎಲ್ಲಿದೀರಾ ನೀವು?"

"ಅಲ್ಲೇ ಇರಿ, ನಾನೇ ಬಂದೆ," ಎಂದು ಕೆಂಪು ಒತ್ತಿದ ಪಾಪಯ್ಯ. ಹೊರಟವನು ಹೊರಡಲಿಲ್ಲ. ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಮ್ಮಿ, ಬೆಳಗ್ಗೆ ಗಾಡಿ ತಳ್ಳೋವಾಗ ಗಡಗಡ ಸದ್ದಲ್ಲಿ ಬೇರೆ ಯಾರಾದ್ರೂ ಕರೆದಿದ್ರೆ? ತಪ್ಪಿದ್ ಕರೆಗೆ ಬಾಣ ಬರುತ್ತೆ ಅಂದ್ಯಲ್ಲ, ಎಲ್ಲಿದೆ, ತೋರ್ಸು."

ಬಾಣದ ಪಕ್ಕದಲ್ಲಿ ಒಂದು ಕೊಕ್ಕೆ ಇತ್ತು. ಕೆಳಗೆ ಎರಡು ಅಡ್ಡಗೆರೆ. ಅದರ ಕೆಳಗೆ ಒಂದು ನಕ್ಷತ್ರ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಒಂದು ಮೊಬೈಲು ಕವರಿನೊಳಗೆ ಮಲಗಿರಬಹುದು. ಇವತ್ತೇ ಈಚೆ ತೆಗೆಯಿರಿ. ಆನ್ ಮಾಡಿ ಇಡಿ. ಒಂದೊಂದು ಗುಂಡಿಯನ್ನೂ ಒತ್ತಿ ನೋಡಿ, ತಪ್ಪಾದರೆ ಕೆಂಪು ಗುಂಡಿ ನಿಮ್ಮನ್ನು ವಾಪಸು ಕರೆತರುತ್ತದೆ. ಅಕ್ಷರ ಬಾರದಿದ್ದರೆ ನಿಮ್ಮದೇ ಗುರುತು ಹಾಕಿ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳಿ, ನಾಚಬೇಡಿ. ಯಾರಾದರೂ 'ಮುಟ್ಬೇಡ, ನಿನಗೆ ತಿಳಿಯಲ್ಲ' ಎಂದರೆ ಅವರ ಎದುರಿಗೇ ಮುಟ್ಟಿ. ನಿಮ್ಮ ಕೈ ಇಷ್ಟು ವರ್ಷ ಕಲಿತ ಕೆಲಸದ ಕಾಲು ಭಾಗದಷ್ಟೂ ಕಷ್ಟವಿಲ್ಲ ಇದು.