ಹಾವೇರಿ ರೋಗ, ಬ್ಯಾಡಗಿ ರೋಗ

ಬ್ಯಾಡಗಿಯಲ್ಲಿ ಯಾರಿಗಾದರೂ ಕೆಳಗೆ ರಕ್ತ ಹೋದರೆ ಮೊದಲು ಬೈಸಿಕೊಳ್ಳುವುದು ಮೆಣಸಿನಕಾಯಿ. ಅದೂ ತಮ್ಮೂರಿನದಲ್ಲ, ಅದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಅಲ್ಲಿನ ಕೂಸಿಗೂ ಗೊತ್ತು. ಹೀಗಾಗಿ ತಪ್ಪೆಲ್ಲ ಹೊರಗಿನಿಂದ ಬರುವ ಗುಂಟೂರು ಮಾಲಿನದು. ದಲಾಲಿ ಅಂಗಡಿಯಲ್ಲಿ ದಿನವಿಡೀ ಕಾಯಿ ಮುರಿದು ಮೂಸಿ ದರ್ಜೆ ಹೇಳುವ ಸಿದ್ದಲಿಂಗೇಶನೂ ತನಗೆ ರಕ್ತ ಹೋಗತೊಡಗಿದಾಗ ಹಾಗೆಯೇ ನಂಬಿದ್ದ.

“ಏನೋ ಸಿದ್ದಣ್ಣಾ, ನಿಂತ ನಿಂತ ಚಾ ಕುಡೀತಿ. ಕುರ್ಚಿ ಕೂಡ ಜಗಳಾ ಆಡೀಯೇನು?” ಎಂದು ಹಮಾಲಿ ಚಾಂದಸಾಬ ಕೆಣಕಿದರೆ, “ಗುಂಟೂರು ಚೀಲಾ ಹೊತ್ತು ತರಾಂವಾ ನೀನ, ಕೇಳಾಂವಾನೂ ನೀನ” ಎಂದು ನಗುತ್ತಿದ್ದ.

ಅಕ್ಕ ಭುವನಾಗೆ ನಗು ಬರಲಿಲ್ಲ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಹೇಳುವ ಆಕೆ ಒಂದು ಭಾನುವಾರ ತವರಿಗೆ ಬಂದಿದ್ದಳು. ತಮ್ಮ ಒಂದೇ ಮಗ್ಗುಲಿಗೆ ಭಾರ ಹಾಕಿ ಕೂತದ್ದು, ಬರೀ ಮೊಸರನ್ನ ಉಂಡದ್ದು, ಹಿತ್ತಲಲ್ಲಿ ತಾನೇ ಪಂಜೆ ಒಗೆದು ಹಾಕಿದ್ದು, ಎಲ್ಲ ಅವಳ ಕಣ್ಣಿಗೆ ಬಿತ್ತು.

“ಯಾವಾಗಿಂದ?”

“ಮಳೆಗಾಲದಿಂದ. ಮೂಲವ್ಯಾಧಿ ಅಕ್ಕಾ. ನಾಟಿ ಔಷಧ ನಡದೈತಿ.”

“ಹಾವೇರಿ ಡಾಕ್ಟರ್ ಮುಂದ ಹೇಳೀಯೇನು?”

“ಅದು ಹಾವೇರಿ ರೋಗ, ಇದು ಬ್ಯಾಡಗೀದು. ಎರಡನ್ನೂ ಯಾಕ ಕೂಡಿಸ್ತಿ?”

ಸಿದ್ದಲಿಂಗೇಶನಿಗೆ ಎಚ್‌ಐವಿ ಇರುವುದು ಗೊತ್ತಾಗಿ ಕೆಲವು ವರ್ಷಗಳಾಗಿದ್ದವು. ಮನೆಯವರಲ್ಲಿ ಅದನ್ನು ಬಲ್ಲವಳು ಭುವನಾ ಒಬ್ಬಳೇ. ಹಾವೇರಿಯಿಂದ ಗುಳಿಗೆ ತಂದು ತಪ್ಪದೆ ನುಂಗುತ್ತಿದ್ದ; ಮೈ ಕಸುವಾಗಿತ್ತು. ಆದರೆ ರಕ್ತದ ಮಾತನ್ನು ಅಲ್ಲಿ ಎತ್ತಿದರೆ ನೋಡಬೇಕು ಎನ್ನುತ್ತಾರೆ, ನೋಡಿದ ಮೇಲೆ ಇನ್ನೇನೋ ಕೇಳುತ್ತಾರೆ. ಅವನ ಹೆದರಿಕೆ ಅಲ್ಲಿತ್ತು. ಭುವನಾಳ ಹೆದರಿಕೆ ಬೇರೆ: ಇವನು ಹೀಗೆ ನಾಚುತ್ತ ಕೂತರೆ ಹೊತ್ತು ಮೀರಿ ಹೋಗಬಹುದು.

ಆಕೆ ರಜೆ ಹಾಕಿ ಅವನನ್ನು ಹಾವೇರಿ ಬಸ್ಸು ಹತ್ತಿಸಿದಳು. ಮೋಟೆಬೆನ್ನೂರು ದಾಟುವವರೆಗೂ ಮಾತನ್ನು ಬಾಯೊಳಗೇ ತೂಗುತ್ತಿದ್ದಳು.

“ಸಿದ್ದೂ, ವೀರೇಂದ್ರನ ವಿಷಯ ನನಗ ಗೊತ್ತೈತಿ. ಡಾಕ್ಟರ್ ಮುಂದ ಮುಚ್ಚಿಡಬ್ಯಾಡ.”

ವೀರೇಂದ್ರ ಕಾಗಿನೆಲೆಯವನು. ಮನೆಗೆ ಬಂದು ಹೋಗುವ ಅವನನ್ನು ಎಲ್ಲರೂ ಸಿದ್ದಲಿಂಗೇಶನ ಗೆಳೆಯ ಎಂದೇ ಕರೆಯುತ್ತಿದ್ದರು. ತಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದ. ಹೊರಗೆ ನೋಡುತ್ತಲೇ ಕೇಳಿದ:

“ಅವ್ವಗ?”

“ನಾ ಹೇಳಿಲ್ಲ. ಹೇಳೂದೂ ಇಲ್ಲ.”

“ನಿನಗ ಹ್ಯಾಂಗ ಗೊತ್ತಾತು?”

“ಅಂವಗ ಹೋಳಿಗಿ ನೀಡಿದ್ರ ತುಪ್ಪದ ಸಮೇತ ನಿನ್ನ ತಾಟಿಗೆ ದಾಟಸ್ತಿದ್ದ. ಬರೇ ಗೆಳ್ಯಾ ಆಗಿದ್ರ ತಾನ ತಿಂತಿದ್ದಿಲ್ಲೇನು?”

ಸಿದ್ದಲಿಂಗೇಶ ನಕ್ಕ. ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರ್ ಸುಚಿತ್ರಾ ಎದುರು ಅವನು ಎಲ್ಲ ಹೇಳಿದ. ಆಕೆ ಕೈಗವಸು ಹಾಕಿ ಪರೀಕ್ಷಿಸಿದರು; ಒಳಗೆ ಸಣ್ಣದೊಂದು ಗಟ್ಟಿ ಗಂಟು ಬೆರಳಿಗೆ ಸಿಕ್ಕಿತು. ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ನಳಿಕೆ ಹಾಕಿ ನೋಡಿ ಪರೀಕ್ಷೆಗೆಂದು ಒಂದು ಚೂರು ತೆಗೆದರು. ಅದರ ಫಲಿತಾಂಶ ಬಂದ ದಿನ ಅಕ್ಕತಮ್ಮ ಇಬ್ಬರೂ ಸುಚಿತ್ರಾ ಮುಂದೆ ಕೂತರು.

“ಕ್ಯಾನ್ಸರ್ ಅಲ್ರಿ. ಆದ್ರ ಹಂಗ ಬಿಟ್ರ ಮುಂದ ಆಗಬಹುದು” ಎಂದರು ಸುಚಿತ್ರಾ. “ಎಚ್‌ಪಿವಿ ಅಂತ ಒಂದು ವೈರಸ್. ಮೈಗೆ ಮೈ ಕೂಡಿದಾಗ ಭಾಳ ಮಂದಿಗೆ ಬರ್ತೈತಿ, ಸುಮಾರು ಮಂದಿಗೆ ತಾನ ಹೋಗ್ತೈತಿ. ಎಚ್‌ಐವಿ ಇದ್ದವರ ಮೈಯಾಗ ಉಳಕೊಳ್ಳೂದು ಹೆಚ್ಚು. ಉಳದು ಗುದದ ಒಳಚರ್ಮ ಕೆಡಸ್ತೈತಿ.”

“ಗುಳಿಗಿ ಒಂದಿನಾನೂ ತಪ್ಪಿಸಿಲ್ರಿ.”

“ಅದಕ್ಕ ನೀವು ಇಷ್ಟು ಗಟ್ಟಿ ಅದೀರಿ. ಆದ್ರೂ ಇದನ್ನ ಬ್ಯಾರೆನ ನೋಡಬೇಕಾಗ್ತೈತಿ.”

“ಮತ್ತ ಗುಂಟೂರು ಮೆಣಸಿನಕಾಯಿರೀ?”

“ಪಾಪ, ಅದರ ತಪ್ಪೇನೂ ಇಲ್ರಿ. ಹುಬ್ಬಳ್ಳ್ಯಾಗ ಕೆಟ್ಟ ಭಾಗ ಸುಟ್ಟು ತಗೀತಾರ. ಮತ್ತ ಬರಬಹುದು, ಅದಕ್ಕ ಆಗಾಗ ಬಂದು ತೋರಿಸ್ರಿ.” ಆಕೆ ತುಸು ತಡೆದು ಹೇಳಿದರು, “ನಿಮ್ಮ ಜೋಡಿ ಇರೋರಿಗೂ ಒಮ್ಮೆ ಬಂದು ತೋರಿಸ್ಕೊಳ್ಳಾಕ ಹೇಳ್ರಿ.”

ಹೊರಗಿನ ಕಟ್ಟೆಯ ಮೇಲೆ ಸಿದ್ದಲಿಂಗೇಶ ಮೊಬೈಲ್ ಹಿಡಿದು ಕೂತ.

“ನಾ ಅತ್ತಾಗ ಹೋಗಲೇನು?” ಭುವನಾ ಕೇಳಿದಳು.

“ಬ್ಯಾಡಕ್ಕಾ. ಕುಂದ್ರು.”

ಗಂಟೆ ಪೂರ್ತಿ ಬಾರಿಸುವ ಮೊದಲೇ ಆಚೆಯಿಂದ ವೀರೇಂದ್ರನ ದನಿ ಬಂತು. “ಏನಂದ್ರೋ? ಲಗೂ ಹೇಳು, ಮುಂಜಾನಿಂದ ಜೀವದಾಗ ಜೀವ ಇಲ್ಲ ನನಗ.”

“ಕ್ಯಾನ್ಸರ್ ಅಲ್ಲಂತ...” ಎಂದ ಸಿದ್ದಲಿಂಗೇಶ. ಅಷ್ಟಕ್ಕೇ ನಿಲ್ಲಿಸಿ, ಮೊಬೈಲನ್ನು ಅಕ್ಕನ ಕೈಗೆ ಕೊಟ್ಟ.

ಆಚೆ ವೀರೇಂದ್ರ ಹಲೋ ಹಲೋ ಎನ್ನುತ್ತಿದ್ದ. ಈ ಸಲ ಭುವನಾ ಮಾತು ತೂಗಲಿಲ್ಲ.

“ನಾ ಭುವನಕ್ಕ, ವೀರೇಂದ್ರಾ. ಮಂಗಳವಾರ ಹುಬ್ಬಳ್ಳಿಗೆ ಹೊಂಟೇವಿ. ನೀನೂ ಬಾ. ಇವನ ಮಗ್ಗಲಕ ಕುಂದ್ರಾಕ ಒಬ್ರು ಬೇಕು, ನೀನೂ ಡಾಕ್ಟರಿಗೆ ತೋರಿಸ್ಕೊಳ್ಳೂದೈತಿ.”