ಲಿಲ್ಲಿ ಹುಳುವಿನ ಔಷಧಿ

ಲಿಲ್ಲಿ ಹೂವನ್ನು ಹೊಗಳುವ ಎಷ್ಟೋ ಜನ ಲಿಲ್ಲಿಯ ಹುಳುವನ್ನು ನೋಡಿರುವುದಿಲ್ಲ. ಕಪ್ಪು ಮೈ, ಮೇಲೆ ಬಿಳಿ ಹಳದಿ ಚುಕ್ಕೆ, ಮುಟ್ಟಿದರೆ ತಣ್ಣಗೆ ಲೊಳಲೊಳ. ಎಲೆಯ ಬುಡದಲ್ಲಿ ಇಪ್ಪತ್ತು ಮೂವತ್ತು ಒಂದರ ಮೇಲೊಂದು ಬಿದ್ದುಕೊಂಡು, ತಿಂದದ್ದನ್ನು ಅಲ್ಲೇ ಹೇತು, ಅದರ ಮೇಲೇ ಹೊರಳಾಡುತ್ತಿರುತ್ತವೆ. ಎರಡು ಸಾವಿರದ ನಾಲ್ಕನೇ ಇಸವಿಯ ಏಪ್ರಿಲ್ ತಿಂಗಳಿಡೀ ಕಗ್ಗದಾಸಪುರದ ಚಿಕ್ಕಮುನಿಯಮ್ಮನಿಗೆ ಬೆಳಗಾಗೆದ್ದರೆ ಇದೇ ಕೆಲಸ. ಸೋಪಿನ ನೀರಿನ ಬಕೆಟ್ಟು ಪಕ್ಕಕ್ಕಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತು, ಎರಡು ಬೆರಳಲ್ಲಿ ಒಂದೊಂದೇ ಹುಳು ಹಿಡಿದು ನೀರಿಗೆ ಹಾಕುವುದು. ಕೆಲವು ಬೆರಳಲ್ಲೇ ಒಡೆದು ಹಸಿರು ರಸ ಮುಂಗೈಗೆ ಇಳಿಯುತ್ತಿತ್ತು.

"ಥೂ, ನಿಮ್ ವಂಶ ಹಾಳಾಗ," ಎಂದು ಉಗಿದು ಮುಂದಿನದಕ್ಕೆ ಕೈ ಹಾಕುತ್ತಿದ್ದಳು.

ಗೆಡ್ಡೆಗಳು ಅವಳ ತಾಯಿಯ ಕಾಲದವು. ತಾಯಿ ಹಲಸೂರಿನ ಬಂಗಲೆಯೊಂದಕ್ಕೆ ಹಾಲು ಹಾಕುತ್ತಿದ್ದಳು. ಅಲ್ಲಿದ್ದ ದೊರೆಸಾನಿ ದೇಶ ಬಿಟ್ಟು ಹೋಗುವಾಗ ನಾಲ್ಕು ಗೆಡ್ಡೆ ಕೈಗಿತ್ತಿದ್ದಳು. ಮೊದಲು ರಾಗಿ ಹೊಲದ ಬಾವಿಯ ಪಕ್ಕ ಇದ್ದವು. ಹೊಲ ಸೈಟಾಯಿತು, ಬಾವಿ ಮುಚ್ಚಿದರು, ಚಿಕ್ಕಮುನಿಯಮ್ಮ ಗೆಡ್ಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹೊಸ ಮನೆಯ ಕಾಂಪೌಂಡಿನ ಉದ್ದಕ್ಕೂ ನೆಟ್ಟಳು. ಈಗ ನಲವತ್ತಾಗಿದ್ದವು. ವರ್ಷಕ್ಕೊಮ್ಮೆ, ಮೇ ತಿಂಗಳ ಮಳೆ ಬಿದ್ದ ಮೇಲೆ, ಒಂದೊಂದು ದಂಟಿನ ತುದಿಗೂ ಕೆಂಪು ಚೆಂಡಿನಂಥ ಹೂವು. ಸಾಲಿಗೆ ಸಾಲೇ ಅರಳಿ ನಿಂತರೆ ಅವಳು ಒಲೆಯ ಮೇಲಿನ ಹಾಲು ಮರೆತು ನೋಡುತ್ತಿದ್ದಳು. ಹತ್ತೇ ದಿನದ ವೈಭೋಗ.

ಆದರೆ ಅದನ್ನು ನೋಡಲು ಬಡಾವಣೆಯ ಒಬ್ಬರೂ ನಿಲ್ಲುತ್ತಿರಲಿಲ್ಲ. ವಾಕಿಂಗ್ ಹೋಗುವ ಹೆಂಗಸರು ಅವಳ ಗೊಬ್ಬರದ ಗುಡ್ಡೆ ಕಂಡು ಮೂಗು ಮುಚ್ಚಿಕೊಳ್ಳುತ್ತಿದ್ದರು. ಹಾಗಾಗಿ ಬಡಾವಣೆ ಸಂಘದವರು ಮೇ ತಿಂಗಳಲ್ಲಿ ಮನೆತೋಟದ ಸ್ಪರ್ಧೆ ಇಟ್ಟಾಗ, ಸಂಘದ ಉಪಾಧ್ಯಕ್ಷನಾಗಿದ್ದ ಮಗ ಶ್ರೀನಾಥನಿಗೆ ತಾನಾಗಿಯೇ ಹೇಳಿ ಹೆಸರು ಕೊಡಿಸಿದಳು. ಬಹುಮಾನ ಯಾರಿಗೆ ಬೇಕಿತ್ತು? ತಿಳಿದವರೊಬ್ಬರು ಆ ಸಾಲಿನ ಮುಂದೆ ನಿಂತು, ಚೆನ್ನಾಗಿ ಬೆಳೆಸಿದ್ದೀಯಮ್ಮ ಅನ್ನಬೇಕು. ಅಷ್ಟೇ ಅವಳ ಆಸೆ.

ಸ್ಪರ್ಧೆಯ ಭಾನುವಾರ ಬಂತು, ಮಳೆ ಬರಲಿಲ್ಲ. ನಲವತ್ತು ಮೊಗ್ಗೂ ಮುಷ್ಟಿ ಬಿಗಿಹಿಡಿದು ನಿಂತಿದ್ದವು.

"ಏನಮ್ಮ ಇದು, ಬರೀ ಮೊಗ್ಗು! ಎಲ್ಲರ ಹತ್ರ ನಮ್ಮನೆ ಲಿಲ್ಲಿ ನೋಡಿ ಅಂತ ಹೇಳ್ಕೊಂಡ್ ಬಂದಿದ್ದೀನಿ," ಎಂದು ಶ್ರೀನಾಥ ಶನಿವಾರವೇ ಗೊಣಗಿದ್ದ.

"ಮೊಗ್ಗೂ ಗಿಡದ್ದೇ ಅಲ್ವೇನಪ್ಪಾ. ತಿಳ್ದೋರಿಗೆ ಗೊತ್ತಾಗ್ತದೆ," ಎಂದಿದ್ದಳು.

ಭಾನುವಾರ ಬೆಳಿಗ್ಗೆ ಮುನೇಶ್ವರನ ಗುಡಿಗೆ ಹೋಗಿ ಕಾಯಿ ಒಡೆಸಿದಳು. ವಾಪಸ್ಸು ಬಂದು ಗೇಟು ತಳ್ಳಿದರೆ, ಸಾಲಿನ ತುಂಬ ಹೂವು! ಒಂದು ಗಳಿಗೆ ನಿಜವಾಗಿಯೂ ಮುನೇಶ್ವರನೇ ಕಣ್ಣು ಬಿಟ್ಟ ಅಂದುಕೊಂಡು ಕೈ ಮುಗಿದಳು. ಆಮೇಲೆ ನೋಡಿದಳು. ಕೆಂಪಲ್ಲ, ಗುಲಾಬಿ ಬಣ್ಣ. ಚೆಂಡಲ್ಲ, ಅಂಗೈ ಅಗಲದ ತುತ್ತೂರಿ. ಬಗ್ಗಿ ನೋಡಿದರೆ ಒಂದು ದಂಟಿಗೆ ಇನ್ನೂ ರಬ್ಬರ್ ಬ್ಯಾಂಡ್ ಸುತ್ತಿತ್ತು.

ಶ್ರೀನಾಥ ಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದ. "ರಸೆಲ್ ಮಾರ್ಕೆಟ್ ಹೂವಿನ ವಾಜಿದ್ ಹತ್ರ ತಂದೆ. ಮದುವೆ ಸ್ಟೇಜಿಗೆ ಹಾಕೋ ಮಾಲು. ಹೆಂಗೆ?"

ಹೇಗೆ? ಹೂವಿನ ಒಳಗೆ ಇಣುಕಿದಳು. ಬಟ್ಟೆಗೆ ಕಲೆಯಾಗದಿರಲಿ ಎಂದು ಕೇಸರವನ್ನೆಲ್ಲ ಕತ್ತರಿಸಿ ತೆಗೆದಿದ್ದರು. ಬೀಜ ಒಡೆದ ಹೋರಿಯ ಹಾಗೆ, ಮೈ ತುಂಬಿತ್ತು, ಒಳಗೆ ಏನೂ ಇರಲಿಲ್ಲ. ಮೇಲೆ ಸೆಂಟು ಬೇರೆ ಹೊಡೆದಿದ್ದರು. ಅದಕ್ಕಿಂತ ಹೇಸಿಗೆಯದು ಕೆಳಗಿತ್ತು. ದಂಟು ಸಿಕ್ಕಿಸಲು ಮಗರಾಯ ಹಾರೆಯಲ್ಲಿ ತೂತು ಹೊಡೆದಿದ್ದ. ಮೂರು ಗೆಡ್ಡೆ ಸೀಳಿಹೋಗಿ ಬಿಳಿ ಲೋಳೆ ಸುರಿಸುತ್ತಿದ್ದವು. ತಾನು ಹೆತ್ತ ಮಗನ ಕೈ ನೋಡಿ ಹುಳು ಕಂಡದ್ದಕ್ಕಿಂತ ಹೆಚ್ಚು ಅಸಹ್ಯವಾಯಿತು.

ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಸದ್ದಾಯಿತು. ಸಂಘದ ಕಾರ್ಯದರ್ಶಿ ಅಮೃತಪ್ಪ, ಅವನ ಹಿಂದೆ ತೀರ್ಪು ಕೊಡಲು ಇಂದಿರಾನಗರದಿಂದ ಕರೆಸಿದ್ದ ಮೇಡಂ, ತಲೆಗೆ ದೊಡ್ಡ ಹ್ಯಾಟು.

"ಓ, ಬ್ಯೂಟಿಫುಲ್! ಅಮ್ಮಾ, ಎಷ್ಟು ಚೆನ್ನಾಗಿ ಬೆಳೆಸಿದ್ದೀರಾ!" ಎನ್ನುತ್ತ ಮೇಡಂ ನೇರ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಅಮೃತಪ್ಪ, ನಾನಿನ್ನು ಬೇರೆ ಮನೆ ನೋಡೋದೇ ಬೇಡ ಅನ್ಸುತ್ತೆ."

ಇಷ್ಟು ವರ್ಷದಲ್ಲಿ ಆ ಬಡಾವಣೆಯಲ್ಲಿ ಯಾರೂ ಅವಳ ಕೈ ಹಿಡಿದಿರಲಿಲ್ಲ. ಕೇಳಬೇಕೆಂದಿದ್ದ ಮಾತನ್ನು ಅಕ್ಷರ ಬಿಡದೆ ಹೇಳಿದ್ದಳು ಪುಣ್ಯಾತ್ಗಿತ್ತಿ. ಚಿಕ್ಕಮುನಿಯಮ್ಮನ ಕಣ್ಣು ತುಂಬಿತು. ಸುಮ್ಮನಿದ್ದುಬಿಡೋಣ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು.

"ಆದ್ರೆ ಮಧ್ಯದಲ್ಲಿ ಈ ಈರುಳ್ಳಿ ಥರ ಇರೋದೆಲ್ಲ ಏನು?" ಮೇಡಂ ಚಪ್ಪಲಿಯ ತುದಿಯಿಂದ ಮೊಗ್ಗೊಂದನ್ನು ಅತ್ತಿತ್ತ ಅಲ್ಲಾಡಿಸಿದಳು. "ಕಿತ್ತಾಕ್ಸಿ, ನೋಟ ಕೆಡುತ್ತೆ."

"ಕೀಳಿಸ್ತೀನಿ ಮೇಡಂ, ಇವತ್ತೇ," ಎಂದ ಶ್ರೀನಾಥ.

"ಹಾಂ, ಇನ್ನೊಂದು. ನಮ್ಮನೇಲಿ ಲಿಲ್ಲಿಗೆ ಹುಳ, ಅಬ್ಬಬ್ಬ! ನೀವ್ಯಾವ ಔಷಧಿ ಹೊಡೀತೀರಮ್ಮ?"

"ಔಷಧಿ ಇಲ್ಲ ಕಣಮ್ಮ," ಎಂದಳು ಚಿಕ್ಕಮುನಿಯಮ್ಮ. "ಕೈಲೇ ಹಿಡಿಯೋದು."

"ಛೀ! ಈ ಕೈಯಲ್ಲಾ?" ಮೇಡಂ ತಟ್ಟನೆ ಕೈ ಬಿಟ್ಟು, ಕರವಸ್ತ್ರ ತೆಗೆದು ಬೆರಳು ಬೆರಳು ಒರೆಸಿಕೊಂಡಳು.

"ಹೂಂ. ತೋರುಸ್ತೀನಿ ಬನ್ನಿ."

ಮೂಲೆಯಲ್ಲಿದ್ದ ಸೋಪಿನ ನೀರಿನ ಬಕೆಟ್ಟು ಎಳೆದುಕೊಂಡು ಸಾಲಿನ ಮೊದಲಲ್ಲಿ ಕುಕ್ಕರುಗಾಲಲ್ಲಿ ಕೂತಳು. ಎರಡು ಬೆರಳಲ್ಲಿ ಮೊದಲ ಗುಲಾಬಿ ಲಿಲ್ಲಿಯ ದಂಟು ಹಿಡಿದು ಎತ್ತಿದಳು. ಬೇರಿಲ್ಲದ್ದು, ಸಲೀಸಾಗಿ ಬಂತು. ಓರೆಯಾಗಿ ಕತ್ತರಿಸಿದ ತುದಿ ಎಲ್ಲರಿಗೂ ಕಾಣುವಂತೆ ಹಿಡಿದು ಬಕೆಟ್ಟಿಗೆ ಹಾಕಿದಳು. "ಹಿಂಗೆ." ಎರಡನೆಯದನ್ನು ಎತ್ತಿದಳು. "ಒಂದೂ ಬಿಡಬಾರ್ದು." ಮೂರನೆಯದಕ್ಕೆ ಅಮೃತಪ್ಪ ತಲೆ ತಗ್ಗಿಸಿ ಹಾಳೆಯ ಮೇಲಿದ್ದ ಅವಳ ಹೆಸರು ಹೊಡೆದುಹಾಕಿದ. ಮೇಡಂ ಗೇಟು ದಾಟಿದರೂ ಚಿಕ್ಕಮುನಿಯಮ್ಮ ನಿಲ್ಲಿಸಲಿಲ್ಲ. ಕೊನೆಯದು ಬಕೆಟ್ಟಿಗೆ ಬಿದ್ದ ಮೇಲೆಯೇ ಎದ್ದದ್ದು.

"ನನ್ ಮಾನ ಕಳ್ದ್‌ಬಿಟ್ಟೆ ಕಣಮ್ಮ! ಬೀದೀಲಿ ತಲೆ ಎತ್ಕೊಂಡ್ ಹೆಂಗೆ ಓಡಾಡ್ಲಿ?" ಶ್ರೀನಾಥ ಅರಚಿದ.

ಅವಳು ಸೀಳಿದ ಗೆಡ್ಡೆಗಳಿಗೆ ಬೂದಿ ಹಚ್ಚಿ, ಮಣ್ಣು ಮುಚ್ಚಿದಳು. ಕೈ ತೊಳೆದು ಊಟಕ್ಕೆ ಕೂತಳು. ಹುಳು ಹಿಡಿದ ದಿನವೂ ಎರಡು ಸಲ ಸೋಪು ಹಾಕಿದರೆ ಕೈ ಶುದ್ಧವಾಗುತ್ತಿತ್ತು, ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಈವತ್ತು ಮುದ್ದೆ ಮುರಿದು ಬಾಯಿಯ ಹತ್ತಿರ ತಂದರೆ ಬೆರಳಲ್ಲಿ ಅದೇ ಸೆಂಟಿನ ವಾಸನೆ. ತುತ್ತು ತಟ್ಟೆಗೆ ಹಾಕಿ, ಎದ್ದು ಹಿತ್ತಲಿಗೆ ಹೋಗಿ, ಇನ್ನೊಂದು ಹಿಡಿ ಬೂದಿ ತೆಗೆದುಕೊಂಡು ಮತ್ತೆ ಕೈ ಉಜ್ಜತೊಡಗಿದಳು.