ನಂಬರು ಕೆರೆದ ಟ್ರಾನ್ಸಿಸ್ಟರ್

ಮಲಿಕಸಾಬನಿಗೊಂದು ಕೆಟ್ಟ ಚಾಳಿ. ಅಣ್ಣಿಗೇರಿಯ ತನ್ನ ರೇಡಿಯೋ ರಿಪೇರಿ ಅಂಗಡಿಗೆ ರೇಡಿಯೋದೊಳಗೆ ಹಾಕುವ ಮೂರು ಕಾಲಿನ ಹೊಸ ಟ್ರಾನ್ಸಿಸ್ಟರ್ ಬಂತೆಂದರೆ ಮೊದಲು ಬ್ಲೇಡಿನಿಂದ ಅದರ ಮೇಲಿನ ನಂಬರು ಕೆರೆದುಬಿಡುತ್ತಿದ್ದ. ಅದು ಯಾವ ಜಾತಿಯದೆಂಬ ಗುಟ್ಟು ಬೇರೆ ಅಂಗಡಿಯವರಿಗೆ ತಿಳಿಯಬಾರದಲ್ಲ! ಈಗ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋಗಿದ್ದವು. ನಂಬರುಗಳೆಲ್ಲ ಅವನ ತಲೆಯೊಳಗೇ ಉಳಿದವು.

ಎಂಬತ್ತಮೂರನೇ ಇಸವಿಯ ಆ ಮಧ್ಯಾಹ್ನ ಮಗಳು ಶಹನಾಜಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎರಡು ಗಂಟೆಗೆ ಕಾಕಾ ಖಾಜಾಸಾಬ ಬರುವವನಿದ್ದ. ಅವನ ಷರತ್ತಿನಂತೆ, ಅಷ್ಟರಲ್ಲಿ ಗಿರಾಕಿ ಉಡಚಪ್ಪನ ಕೆಟ್ಟ ರೇಡಿಯೋ ಮಾತಾಡಿದರೆ ಅಂಗಡಿ ಅವಳದು. ಇಲ್ಲವಾದರೆ ಬಾಗಿಲಿಗೆ ಬೀಗ. ಅದರಲ್ಲಿ ಸುಟ್ಟುಹೋದದ್ದು ಪಿಎನ್‌ಪಿ ಜಾತಿಯ ಟ್ರಾನ್ಸಿಸ್ಟರ್. ಅದರ ಜಾಗಕ್ಕೆ ಎನ್‌ಪಿಎನ್ ಜಾತಿಯದು ನಡೆಯದು. ಡಬ್ಬಿಯಲ್ಲಿ ಉಳಿದದ್ದು ಒಂದೇ ಒಂದು, ಅದರ ಮೈಯೂ ನಂಬರಿಲ್ಲದೆ ಬೋಳು.

ಮೀಟರಿನ ಕೆಂಪು ಕಡ್ಡಿಯನ್ನು ನಡುವಿನ ಕಾಲಿಗೆ ಹಿಡಿದು, ಕಪ್ಪನ್ನು ಆಚೀಚೆಯ ಕಾಲುಗಳಿಗೆ ಮುಟ್ಟಿಸಿದಳು. ಎರಡೂ ಸಲ ಮುಳ್ಳು ಹಾರಿತು. ನಡುವಿನದೇ ಬೇಸ್, ಕರೆಂಟಿಗೆ ಅಪ್ಪಣೆ ಕೊಡುವ ಕಾಲು. ಆದರೆ ಕೆಂಪೆಂದರೆ ಪ್ಲಸ್. ಬೇಸಿಗೆ ಪ್ಲಸ್ ಕೊಟ್ಟಾಗ ಕರೆಂಟು ಹರಿದರೆ ಅದು ಎನ್‌ಪಿಎನ್. ಇದ್ದೊಂದೂ ಕೆಲಸಕ್ಕೆ ಬಾರದ್ದು!

ದಡ್! ಅಪ್ಪ ಎಡಗೈಯಿಂದ ಟೇಬಲ್ಲು ಗುದ್ದಿದ. ಬೆಳಗಿನಿಂದ ಇದೇ ಕಾಟ. ಅವಳು ಕಡ್ಡಿ ಹಿಡಿದಾಗೆಲ್ಲ ಗುದ್ದುವುದು, ಕಣ್ಣು ಕೆಕ್ಕರಿಸುವುದು.

“ಗೊತ್ತೈತಿ ಬಿಡ್ರಿ ಅಬ್ಬಾ! ಹೆಣ್ಣಹುಡಿಗಿ ಅಂಗಡ್ಯಾಗ ಕುಂದ್ರೂದು ನಿಮಗ ಬ್ಯಾಡಾಗೇತಿ. ಕಾಕಾ ಬರ್ಲಿ, ಕೀಲಿ ಹಾಕ್ಕೊಂಡು ಮನಿಗೆ ಹೋಗೂಣು!” ಶಹನಾಜಳಿಗೆ ಅಳುವೇ ಬಂದುಬಿಟ್ಟಿತು.

ಮಲಿಕಸಾಬ ಡಬ್ಬಿ ಕೆದಕಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡೊಂದನ್ನು ಅವಳ ಮುಂದೆ ಎಸೆದು, ಮೀಟರಿನತ್ತ ಬೆರಳು ಮಾಡಿದ. ಡಯೋಡಿನಲ್ಲಿ ಪಟ್ಟಿ ಇರುವ ತುದಿ ಮೈನಸ್ ಎಂಬುದು ಅವಳಿಗೆ ಗೊತ್ತು. ಅಲ್ಲಿಗೆ ಕಪ್ಪು ಕಡ್ಡಿ ಹಿಡಿದಳು, ಮುಳ್ಳು ಮಿಸುಕಲಿಲ್ಲ. ಸಿಟ್ಟಿನಲ್ಲಿ ಕಡ್ಡಿಗಳನ್ನು ಅದಲುಬದಲು ಮಾಡಿದಳು, ಹಾರಿತು! ಅಂದರೆ ಈ ಮೀಟರು ತನ್ನ ಒಳಗಿನ ಸೆಲ್ಲಿನಿಂದ ಅಳೆಯುವಾಗ ಕೆಂಪೇ ಮೈನಸ್. ಆಗ ಬೇಸಿಗೆ ಸಿಕ್ಕಿದ್ದೂ ಮೈನಸ್ಸೇ, ಕೈಯಲ್ಲಿದ್ದದ್ದು ಪಿಎನ್‌ಪಿಯೇ.

“ನನ್ನ ಬುದ್ಧಿಗಿಷ್ಟು ಬೆಂಕಿ ಹತ್ಲಿ! ಮುಂಜಾನಿಂದ ನೀವು ಹೇಳಾಕ್ಹತ್ತಿದ್ದು ಇದನ್ನ ಏನ್ರಿ ಅಬ್ಬಾ!”

ಉಳಿದೆರಡು ಕಾಲುಗಳಲ್ಲಿ ಕರೆಂಟು ಹೊರಹೋಗುವ ಕಲೆಕ್ಟರ್ ಯಾವುದು? ಬೆರಳು ನೆಕ್ಕಿ ಬೇಸಿಗೂ ಒಂದು ಕಾಲಿಗೂ ಅಡ್ಡ ಹಿಡಿದು, ಆ ಕಾಲಿಗೆ ಕೆಂಪು, ಇನ್ನೊಂದಕ್ಕೆ ಕಪ್ಪು ಮುಟ್ಟಿಸಿದಳು. ಮುಳ್ಳು ಒಂದಿಷ್ಟು ಅಲುಗಿತು, ಅಷ್ಟೇ. ಕಾಲು ಬದಲಿಸಿ ನೋಡಿದಳು. ಮುಕ್ಕಾಲು ದಾರಿ ಓಡಿತು. ಈಗ ಬೆರಳು ತಾಗಿದ ಕಾಲೇ ಕಲೆಕ್ಟರ್. ಅದನ್ನು ರೇಡಿಯೋದೊಳಗೆ ಕೂರಿಸಿ ಬೆಸುಗೆ ಹಾಕಿದಳು.

ಖಾಜಾಸಾಬ ಹೊಸ್ತಿಲು ತುಳಿಯುವುದಕ್ಕೂ ರೇಡಿಯೋ ಗೊರಗುಟ್ಟಿ ಧಾರವಾಡ ಸ್ಟೇಶನ್ ಹಿಡಿಯುವುದಕ್ಕೂ ಸರಿಹೋಯಿತು. ಅವನು ಕೈಯಲ್ಲಿದ್ದ ಬೀಗವನ್ನು ಜೇಬಿಗೆ ಇಳಿಸಿದ.

“ನಾ ಇಲ್ಲಿ ಕುಂದ್ರೂದು ನಿಮಗ ಸೇರೂದಿಲ್ಲ ಅನ್ಕೊಂಡಿದ್ದೆ, ಅಬ್ಬಾ,” ಎಂದಳು ಶಹನಾಜ.

ಮಲಿಕಸಾಬ ಅಲ್ಲವೆಂದು ತಲೆಯಾಡಿಸಿದ. ಬಾಜುವಿನಲ್ಲಿದ್ದ ಇನ್ನೊಂದು ಕೆಟ್ಟ ರೇಡಿಯೋವನ್ನು ಎಡಗೈಯಿಂದಲೇ ದೂಡುತ್ತ ದೂಡುತ್ತ ತಂದು ಅವಳ ಮುಂದೆ ಇಟ್ಟ.